ಬಿಳಿ ಟೋಪಿ ಯಾರಿಗೆ?

‘ಶೆಫ್ ಆಗಿ’ ಅಂತ ಕರೆಯೋ ಖಾಸಗಿ ಕಾಲೇಜುಗಳ ಜಾಹೀರಾತು ನೋಡಿ. ಉದ್ದನೆಯ ಬಿಳಿ ಟೋಪಿ, ಕೈಕಟ್ಟಿ ನಗ್ತಿರೋ ಹುಡುಗ. ಫೀಸು ಲಕ್ಷಗಳಲ್ಲಿ. ಕೋರ್ಸ್ ಮುಗಿದ ಮೇಲೆ ಸಿಗೋ ಹುದ್ದೆಯ ಹೆಸರು ಮಾತ್ರ ದಪ್ಪ ಅಕ್ಷರದಲ್ಲಿ ಇರಲ್ಲ: ಕಮಿ ಶೆಫ್. ಹೆಸರಿಗೆ ತಕ್ಕಂತೆ ಸಂಬಳವೂ ಕಮ್ಮಿ. ಬೆಷಮೆಲ್‌ನಿಂದ ಹಿಡಿದು ಫ್ರೆಂಚರ 5 ಮೂಲ ಸಾಸ್ ಕಲಿತವನೂ ಶುರು ಮಾಡೋದು ಈರುಳ್ಳಿ ಮೂಟೆಯಿಂದಲೇ.

ಈರುಳ್ಳಿ ಹೆಚ್ಚೋದು ಕೀಳು ಕೆಲಸ ಅಂತಲ್ಲ. ಕೈ ಪಳಗೋದೇ ಅಲ್ಲಿ. ನಮ್ಮೂರ ಅಡುಗೆ ಭಟ್ಟರೂ ಕಾಯಿ ತುರಿದೇ ಒಲೆ ಮುಂದೆ ಬಂದವರು. ನನ್ನ ತಕರಾರು ದುಡ್ಡಿನದು. ನಮ್ಮ ಸಾಫ್ಟ್‌ವೇರ್ ಕಂಪನಿಗಳು ಫ್ರೆಶರ್‌ಗೆ ಸಂಬಳ ಕೊಟ್ಟು ಕೆಲಸ ಕಲಿಸ್ತವೆ. ಅಡುಗೆ ಕಲಿಯೋ ಹುಡುಗ ಫೀಸನ್ನೂ ಕಟ್ಟಿ, ಇಂಡಸ್ಟ್ರಿಯಲ್ ಟ್ರೈನಿಂಗ್ ಹೆಸರಲ್ಲಿ ತಿಂಗಳುಗಟ್ಟಲೆ ಪುಡಿಗಾಸಿಗೆ ದುಡೀತಾನೆ. ಇದ್ಯಾವ ನ್ಯಾಯ?

ಬೇರೆ ದಾರಿ ಇದೆ. ಹತ್ತನೇ ಕ್ಲಾಸ್ ಪಾಸಾದವರಿಗೆ ಐಟಿಐಗಳಲ್ಲಿ 1 ವರ್ಷದ ಫುಡ್ ಪ್ರೊಡಕ್ಷನ್ ಟ್ರೇಡ್ ಇದೆ. 1961ರ ಅಪ್ರೆಂಟಿಸ್ ಕಾಯ್ದೆಯಡಿ ಹೋಟೆಲ್ ಸೇರಿದರೆ ಸ್ಟೈಪೆಂಡ್ ಕೊಡಲೇಬೇಕು.

ಊರಿಂದ ಚಿಕ್ಕಪ್ಪನ ಮಗ ಫೋನ್ ಮಾಡಿ ಕೇಳಿದಾಗ ‘ಪ್ಯಾಷನ್ ಫಾಲೋ ಮಾಡೋ’ ಅಂದು ಕೈ ತೊಳ್ಕೋಬೇಡಿ. ಕಾಲೇಜಿಗೆ ಒಂದೇ ಪ್ರಶ್ನೆ ಹಾಕೋಕೆ ಹೇಳಿ: ಹೋದ ವರ್ಷ ಮುಗಿಸಿದವರ ಮೊದಲ ಸಂಬಳ ಎಷ್ಟು? ಬರೆದು ಕೊಡೋಕೆ ಹಿಂದೇಟು ಹಾಕಿದ್ರೆ, ಟೋಪಿ ಯಾರಿಗೆ ಅಂತ ಗೊತ್ತಾಯ್ತಲ್ಲ!