ಸೋರುವುದು ಪ್ಯಾಕಿಂಗ್, ಶಿಕ್ಷೆ ಇಂಜಿನ್ನಿಗೆ

ಹಳೆಯ ಡೀಸೆಲ್ ಕಾರಿನ ಕೆಳಗೆ ನಾಲ್ಕು ಹನಿ ಆಯಿಲ್ ಬಿದ್ದರೆ ಸಾಕು, ಅದರ ಮರಣಪತ್ರ ಬರೆಯಲು ನಾಲ್ಕು ಮಂದಿ ಸಿದ್ಧರಾಗಿ ನಿಲ್ಲುತ್ತಾರೆ. ‘ಇಂಜಿನ್ ಹೋಯ್ತು’ ಎನ್ನುತ್ತಾನೆ ಒಬ್ಬ. ‘ಗೇರ್‌ಬಾಕ್ಸ್ ಇಳಿಸಬೇಕು’ ಎನ್ನುತ್ತಾನೆ ಇನ್ನೊಬ್ಬ. ‘ಇನ್ನೂ ಇದನ್ನೇ ಇಟ್ಟುಕೊಂಡಿದ್ದೀರಾ ಸಾರ್? ಎಕ್ಸ್‌ಚೇಂಜ್‌ಗೆ ಕೊಟ್ಟುಬಿಡಿ’ ಎಂದು ಹೊಸ ಕಾರಿನ ಬಣ್ಣದ ಕಾಗದ ಚಾಚುತ್ತಾನೆ ಮೂರನೆಯವ. ನಾಲ್ಕನೆಯವನು ಸ್ವತಃ ಮಾಲೀಕ. ಅವನು ಬಾನೆಟ್ ಎತ್ತಿ ನೋಡದೆಯೇ ತಲೆಯಾಡಿಸುತ್ತಾನೆ.

ಎತ್ತಿ ನೋಡಿದ್ದರೆ ಕಾಣುತ್ತಿದ್ದುದೇನು? ಇಂಜಿನ್ನಿನ ನೆತ್ತಿಯ ಮೇಲೆ ಒಂದು ಮುಚ್ಚಳ. ಪುಸ್ತಕದಲ್ಲಿ ಅದರ ಹೆಸರು ವಾಲ್ವ್ ಕವರ್. ಗ್ಯಾರೇಜಿನಲ್ಲಿ ಟ್ಯಾಪೆಟ್ ಕವರ್. ವಾಲ್ವುಗಳನ್ನು ತೆರೆದು ಮುಚ್ಚುವ ಭಾಗಗಳು ಅದರಡಿ ಆಯಿಲಿನಲ್ಲಿ ಮೀಯುತ್ತಾ ಕೆಲಸ ಮಾಡುತ್ತವೆ. ಈ ಮುಚ್ಚಳಕ್ಕೂ ಹೆಡ್ಡಿಗೂ ನಡುವೆ ಒಂದು ಪ್ಯಾಕಿಂಗ್ ಇರುತ್ತದೆ. ಅಂಬಾಸಿಡರ್ ಕಾಲದ ಗಾಡಿಗಳಲ್ಲಿ ಅದು ಕಾರ್ಕಿನದು, ಆಮೇಲಿನವುಗಳಲ್ಲಿ ರಬ್ಬರಿನದು. ವರ್ಷಗಟ್ಟಲೆ ಬಿಸಿ ತಿಂದು ಕಾರ್ಕು ಕುಗ್ಗುತ್ತದೆ, ರಬ್ಬರು ಗಟ್ಟಿಯಾಗಿ ಸೀಳುತ್ತದೆ. ಇದು ಇಂಜಿನ್ನಿನ ಮಾರಕ ಕಾಯಿಲೆಯಲ್ಲ, ಚಪ್ಪಲಿಯ ಅಟ್ಟೆ ಸವೆದಷ್ಟೇ ಸಹಜವಾದ ಸವೆತ. ಹೊಸ ಪ್ಯಾಕಿಂಗಿಗೆ ಸಾಮಾನ್ಯವಾಗಿ ಕೆಲವು ನೂರು ರೂಪಾಯಿ. ಕೆಲಸ ಬಲ್ಲವನಿಗೆ ಅರ್ಧ ದಿನವೂ ಬೇಡ.

ಹಾಗಿದ್ದರೆ ಗೇರ್‌ಬಾಕ್ಸ್ ಇಳಿಸುವ ಮಾತು ಎಲ್ಲಿಂದ ಬಂತು? ಮೇಲಿನ ಪ್ಯಾಕಿಂಗಿನಿಂದ ಸೋರಿದ ಆಯಿಲ್ ಬ್ಲಾಕಿನ ಹಿಂಬದಿಯಲ್ಲಿ ಇಳಿದು, ಇಂಜಿನ್ನೂ ಗೇರ್‌ಬಾಕ್ಸೂ ಕೂಡುವ ಜಾಗದಲ್ಲಿ ತೊಟ್ಟಿಕ್ಕುತ್ತದೆ. ಕ್ರ್ಯಾಂಕಿನ ಹಿಂಬದಿಯ ಆಯಿಲ್ ಸೀಲ್ ಹೋದರೂ ತೊಟ್ಟಿಕ್ಕುವುದು ಅಲ್ಲಿಯೇ. ಮೊದಲನೆಯದು ಸಣ್ಣ ಕೆಲಸ, ಎರಡನೆಯದಕ್ಕೆ ಗೇರ್‌ಬಾಕ್ಸ್ ಇಳಿಯಬೇಕು. ಕೆಳಗಿನಿಂದ ಮಾತ್ರ ನೋಡುವವನಿಗೆ ಎರಡೂ ಒಂದೇ. ಎರಡನ್ನೂ ಬೇರ್ಪಡಿಸಿ ತಿಳಿಯಲು ದೊಡ್ಡ ಯಂತ್ರವೇನೂ ಬೇಡ. ಇಂಜಿನ್ ಒರೆಸಿ ಚೊಕ್ಕಟ ಮಾಡಿ, ಸ್ವಲ್ಪ ದೂರ ಓಡಿಸಿ, ಟಾರ್ಚ್ ಹಿಡಿದು ಮೇಲಿನಿಂದ ಕೆಳಕ್ಕೆ ನೋಡುತ್ತಾ ಬಂದರೆ, ಎಲ್ಲಿ ಮೊದಲು ಒದ್ದೆ ಕಾಣುತ್ತದೋ ಅದೇ ಸೋರಿಕೆಯ ಮೂಲ.

ಈ ಒರೆಸುವ ಕೆಲಸವನ್ನೇ ಇಂದು ಯಾರೂ ಮಾಡುತ್ತಿಲ್ಲ ಎಂಬುದು ನಮ್ಮ ತಕರಾರು. ನಮ್ಮದೇ ಹಳೆಯ ಡೀಸೆಲ್ ಗಾಡಿಯನ್ನು ಕಂಡ ಒಂದು ಗಾಜಿನ ಗೋಡೆಯ ಸರ್ವೀಸ್ ಸೆಂಟರಿನಲ್ಲಿ, ಬಾನೆಟ್ ಎತ್ತುವ ಮೊದಲೇ ಅಂದಾಜು ಪಟ್ಟಿ ಸಿದ್ಧವಾಯಿತು: ಸೀಲ್, ಕ್ಲಚ್, ಗೇರ್‌ಬಾಕ್ಸ್ ಇಳಿಸಿ ಏರಿಸುವ ಕೂಲಿ. ಅದೇ ಗಾಡಿಯನ್ನು ತಗಡಿನ ಮಾಡಿನ ಗ್ಯಾರೇಜಿನ ಉಸ್ತಾದ್ ಒಬ್ಬರು ಹಳೆಯ ಬಟ್ಟೆಯಿಂದ ಒರೆಸಿ ನೋಡಿ, ‘ಊಪರ್‌ಸೇ ಆರಾ ಸಾಬ್, ನೀಚೆ ಕುಛ್ ನೈ’ ಎಂದರು. ಮೇಲಿನಿಂದ ಬರುತ್ತಿದೆ, ಕೆಳಗೇನೂ ಇಲ್ಲ. ಒಬ್ಬರಿಗೆ ಕಂಪ್ಯೂಟರ್ ಇತ್ತು, ಇನ್ನೊಬ್ಬರಿಗೆ ಕಣ್ಣಿತ್ತು.

ಹಾಗೆಂದು ಬೀದಿಬದಿಯ ಗ್ಯಾರೇಜುಗಳನ್ನೆಲ್ಲ ನಾವು ಹೊಗಳಿ ಅಟ್ಟಕ್ಕೇರಿಸುತ್ತಿಲ್ಲ. ಅಲ್ಲಿಯೂ ಅವಸರದ ಕೈಗಳಿವೆ. ಹಳೆಯ ಪ್ಯಾಕಿಂಗಿನ ಸುತ್ತ ಸಿಲಿಕೋನ್ ಪೇಸ್ಟ್ ಮೆತ್ತಿ ಕಳುಹಿಸುವವರಿದ್ದಾರೆ. ಒಳಕ್ಕೆ ಹಿಂಡಿದ ಪೇಸ್ಟು ಚೂರಾಗಿ ಆಯಿಲಿನೊಡನೆ ಸಾಗಿದರೆ ಪಂಪಿನ ಜಾಲರಿ ಕಟ್ಟುತ್ತದೆ. ‘ಟೈಟ್ ಮಾಡಿದರೆ ನಿಲ್ಲುತ್ತದೆ’ ಎಂದು ಬೋಲ್ಟನ್ನು ಶಕ್ತಿ ಮೀರಿ ತಿರುಗಿಸುವವರಿದ್ದಾರೆ. ತಗಡಿನ ಕವರ್ ಸೊಟ್ಟಗಾಗುತ್ತದೆ, ಪ್ಯಾಕಿಂಗ್ ಹೊರಗೆ ಹಿಂಡಿಕೊಳ್ಳುತ್ತದೆ, ಸೋರಿಕೆ ಹೆಚ್ಚುತ್ತದೆ. ಸರಿಯಾದ ಕೆಲಸಕ್ಕೆ ಬಲಕ್ಕಿಂತ ತಾಳ್ಮೆ ಬೇಕು. ಇಂಜಿನ್ ತಣ್ಣಗಾಗಬೇಕು. ಕವರಿನ ಮೇಲೆ ಹಾಯುವ ಡೀಸೆಲ್ ಪೈಪುಗಳನ್ನು ಬಿಚ್ಚಬೇಕಾಗಿ ಬಂದರೆ ಅವುಗಳ ಬಾಯಿಗೆ ಧೂಳು ಹೋಗದಂತೆ ಮುಚ್ಚಬೇಕು, ಕೊನೆಗೆ ಗಾಳಿ ತೆಗೆಯಬೇಕು. ಹಳೆಯ ಪ್ಯಾಕಿಂಗಿನ ಚೂರು ಇಂಜಿನ್ನಿನೊಳಗೆ ಬೀಳಬಾರದು. ಅಲ್ಯೂಮಿನಿಯಂ ಮೈಯನ್ನು ಸ್ಕ್ರೂಡ್ರೈವರಿನಿಂದ ಕೆರೆಯಬಾರದು. ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಸ್ವಲ್ಪ ಸ್ವಲ್ಪವಾಗಿ, ಕಂಪನಿ ಹೇಳಿದಷ್ಟೇ ಬಿಗಿಯಬೇಕು. ಕವರ್ ಹೇಗೂ ತೆಗೆದಿರುವಾಗ, ಹಳೆಯ ಗಾಡಿಗಳಲ್ಲಿ ಟ್ಯಾಪೆಟ್ ಸೆಟ್ಟಿಂಗನ್ನೂ ನೋಡಿಬಿಡುವುದು ಜಾಣತನ.

ಇನ್ನೂ ಒಂದು ಸಂಗತಿಯಿದೆ. ಪಿಸ್ಟನ್ ರಿಂಗುಗಳನ್ನು ದಾಟಿ ಕೆಳಗಿಳಿಯುವ ಗಾಳಿ ಹೊರಹೋಗಲು ಇಂಜಿನ್ನಿನಲ್ಲಿ ಬ್ರೀದರ್ ಇರುತ್ತದೆ. ಅದರಲ್ಲಿ ಮಸಿ ಕಟ್ಟಿದರೆ ಒತ್ತಡ ಒಳಗೇ ಬೆಳೆದು, ಎಲ್ಲಿ ಸಂದು ಸಡಿಲವಿದೆಯೋ ಅಲ್ಲಿಂದ ಆಯಿಲನ್ನು ಹೊರಗೆ ದಬ್ಬುತ್ತದೆ. ಬ್ರೀದರ್ ಶುಚಿ ಮಾಡದೆ ಹಾಕಿದ ಹೊಸ ಪ್ಯಾಕಿಂಗ್ ಬಹಳ ದಿನ ಬಾಳುವುದಿಲ್ಲ. ಬ್ರೀದರ್ ಶುಚಿಯಾಗಿದ್ದೂ, ಓಡುತ್ತಿರುವ ಇಂಜಿನ್ನಿನ ಆಯಿಲ್ ಮುಚ್ಚಳ ತೆಗೆದಾಗ ಹೊಗೆ ಬುಸುಗುಟ್ಟಿ ಬಂದರೆ ರಿಂಗುಗಳು ಸವೆದಿರಬಹುದು. ಆಗ ‘ದೊಡ್ಡ ಕೆಲಸ ಬಂದಿದೆ’ ಎನ್ನುವವನನ್ನು ನಾವು ಕಳ್ಳನೆನ್ನುವುದಿಲ್ಲ. ನಮ್ಮ ವಿರೋಧ ದೊಡ್ಡ ಕೆಲಸಕ್ಕಲ್ಲ, ಪರೀಕ್ಷೆಯಿಲ್ಲದ ತೀರ್ಪಿಗೆ.

ಈ ತೀರ್ಪಿನ ಹಿಂದೆ ವ್ಯಾಪಾರವಿದೆ. ಬಿಡಿಭಾಗಗಳನ್ನೂ ದುರಸ್ತಿಗೆ ಬೇಕಾದ ಉಪಕರಣ ಮತ್ತು ಮಾಹಿತಿಯನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಹಿಡಿದಿಟ್ಟುಕೊಂಡದ್ದಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಮಿಕ್ಕಿ ದಂಡ ವಿಧಿಸಿತು. ಪ್ರಕರಣ ಮೇಲ್ಮನವಿಗೆ ಹೋಯಿತು. ಇರಲಿ, ಆಯೋಗ ಬೊಟ್ಟು ಮಾಡಿದ ರೋಗವಂತೂ ಸುಳ್ಳಲ್ಲ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ‘ದುರಸ್ತಿಯ ಹಕ್ಕು’ ಕುರಿತು ಸಮಿತಿ ರಚಿಸಿದಾಗ ವಾಹನಗಳನ್ನೂ ಅದರ ವ್ಯಾಪ್ತಿಗೆ ಸೇರಿಸಿತು. ದುರಸ್ತಿ ಮಾಡಿಕೊಳ್ಳುವುದಕ್ಕೂ ಹಕ್ಕು ಕೇಳಬೇಕಾದ ಕಾಲವಿದು!

‘ಹಳೆಯ ಡೀಸೆಲ್ ಗಾಡಿ ಹೊಗೆ ಕಾರುತ್ತದೆ, ಅದನ್ನು ಉಳಿಸಬೇಕೇಕೆ?’ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಹೊಗೆ ಕಾರುವ ಗಾಡಿಯ ಪರ ನಾವು ವಕಾಲತ್ತು ವಹಿಸುವುದಿಲ್ಲ. ಆದರೆ ಹೊಗೆಯನ್ನು ಅಳೆಯಲು ತಪಾಸಣೆಯಿದೆ, ಅದು ಅಳೆಯಲಿ. 10 ವರ್ಷ ದಾಟಿದ ಡೀಸೆಲ್ ಗಾಡಿಗಳ ಮೇಲೆ 2015ರಲ್ಲಿ ಬಂದ ನಿರ್ಬಂಧದ ಆದೇಶ ದೆಹಲಿ ಮತ್ತು ಅದರ ಸುತ್ತಲ ಪ್ರದೇಶಕ್ಕೆ ಸಂಬಂಧಿಸಿದ್ದು. ಅದನ್ನು ತೋರಿಸಿ ಇಲ್ಲಿಯ ಮಾಲೀಕನನ್ನು ಹೆದರಿಸುವುದು ಸಲ್ಲದು. ಕರ್ನಾಟಕದಲ್ಲಿ 15 ವರ್ಷ ತುಂಬಿದ ಖಾಸಗಿ ಕಾರು ತಪಾಸಣೆಯಲ್ಲಿ ಪಾಸಾದರೆ ನೋಂದಣಿ ನವೀಕರಿಸಿಕೊಳ್ಳಬಹುದು. ಅದರ ಶುಲ್ಕ 2022ರ ಏಪ್ರಿಲ್ 1ರಿಂದ 600 ರೂಪಾಯಿಯಿಂದ 5,000ಕ್ಕೆ ಜಿಗಿದದ್ದು ಬಡ ಮಾಲೀಕನಿಗೆ ಬಿದ್ದ ಇನ್ನೊಂದು ಪೆಟ್ಟು. ಹೊಸ ಕಾರು ಕೂಡ ಗಾಳಿಯಿಂದ ಹುಟ್ಟುವುದಿಲ್ಲ. ಅದರ ಉಕ್ಕು, ರಬ್ಬರು, ವಿದ್ಯುತ್ತಿಗೂ ಪರಿಸರ ಬೆಲೆ ತೆತ್ತಿರುತ್ತದೆ.

ಸೋರುತ್ತಿದ್ದರೂ ‘ವಾರಕ್ಕೊಮ್ಮೆ ಆಯಿಲ್ ಸುರಿದರಾಯ್ತು’ ಎನ್ನುವ ಮಾಲೀಕನನ್ನೂ ನಾವು ಬಿಡುವುದಿಲ್ಲ. ಆ ಆಯಿಲ್ ಮಳೆನೀರಿನೊಂದಿಗೆ ಯಾರದೋ ತೋಡಿಗೆ, ಯಾರದೋ ಬಾವಿಗೆ ಹೋಗುತ್ತದೆ. ಬಿಸಿ ಎಕ್ಸಾಸ್ಟಿನ ಮೇಲೆ ಬಿದ್ದರೆ ಬೆಂಕಿಯ ಭಯವೂ ಇದೆ. ಹಳೆಯದನ್ನು ಉಳಿಸಿಕೊಳ್ಳುವ ಹಕ್ಕು ಕೇಳುವವನು ಅದನ್ನು ಚೊಕ್ಕಟವಾಗಿಡುವ ಹೊಣೆಯನ್ನೂ ಹೊರಬೇಕು.

ಆದ್ದರಿಂದ ಗಾಡಿಯ ಮಾಲೀಕರಿಗೆ ನಮ್ಮದು ಇಷ್ಟೇ ಕೋರಿಕೆ. ಮುಂದಿನ ಬಾರಿ ಯಾರಾದರೂ ‘ಇಂಜಿನ್ ಹೋಯ್ತು’ ಎಂದರೆ, ‘ಒರೆಸಿ ತೋರಿಸಿ’ ಎನ್ನಿ. ಬದಲಿಸಿದ ಹಳೆಯ ಭಾಗವನ್ನು ಕೇಳಿ ಪಡೆಯಿರಿ. ಒರೆಸಿ ತೋರಿಸಿದವನಿಗೆ, ಅವನ ಅಂಗಡಿಗೆ ಗಾಜಿನ ಗೋಡೆ ಇಲ್ಲದಿದ್ದರೂ, ಚೌಕಾಶಿ ಮಾಡದೆ ಕೂಲಿ ಕೊಡಿ. ಸಾವಿರಾರು ರೂಪಾಯಿಯ ಸುಳ್ಳಿಗೆ ಮರುಮಾತಿಲ್ಲದೆ ಹಣ ಕಟ್ಟಿ ಬರುವ ನಾವು, ನೂರಿನ್ನೂರು ರೂಪಾಯಿಯ ಸತ್ಯದ ಮುಂದೆ ಜಗಳಕ್ಕೆ ನಿಲ್ಲುತ್ತಿರುವವರೆಗೆ, ಆ ಉಸ್ತಾದ್ ತನ್ನ ಮಗನಿಗೆ ಈ ಕಸುಬನ್ನು ಏಕೆ ಕಲಿಸಬೇಕು?