ಹಾಲು ಹಾಕುವ ಹೊತ್ತಿನ ರಸ್ತೆಯನ್ನು ನಾವೇ ಎಣಿಸೋಣ



ಕಳೆದ ದೀಪಾವಳಿ ಮುಗಿದ ವಾರ ಸಂಜೆ ಆರೂವರೆಗೆ ಫೋನು ಬಂತು. ಹೊಲದಿಂದ ಮನೆಗೆ ಬರುತ್ತಿದ್ದ ಏಳು ತಿಂಗಳ ಗಬ್ಬದ ಹಸುವಿಗೆ ಕಾರು ಗುದ್ದಿತ್ತು. ನಾನು ಹೋದಾಗ ಹಸು ರಸ್ತೆ ಬದಿಯಲ್ಲಿ ಬಿದ್ದಿತ್ತು, ತೊಡೆಮೂಳೆ ಮುರಿದಿತ್ತು. ಹಗ್ಗ ಹಿಡಿದಿದ್ದ ಅಕ್ಕನ ಮೊಣಕೈ ತರಚಿ ರಕ್ತ ಬರುತ್ತಿದ್ದರೂ "ನನ್ನ ಕೈ ಇರಲಿ ಡಾಕ್ಟ್ರಮ್ಮ, ಮೊದಲು ಹಸ ನೋಡಿ" ಅನ್ನುತ್ತಿದ್ದರು. ಅಷ್ಟು ತೂಕದ ಹಸುವಿನ ತೊಡೆಮೂಳೆ ಮುರಿದರೆ ನಮ್ಮ ಕೈಯಲ್ಲಿ ಆಗುವುದು ಬಹಳ ಕಡಿಮೆ. ಹಸು ಉಳಿಯಲಿಲ್ಲ. ವಿಮೆಗಾಗಿ ಮರಣೋತ್ತರ ಪರೀಕ್ಷೆ ಮಾಡಿ, ಸಾವಿನ ಕಾರಣದ ಕಾಲಂನಲ್ಲಿ "ರಸ್ತೆ ಅಪಘಾತ" ಎಂದು ಬರೆದೆ. ಆಸ್ಪತ್ರೆಗೆ ಬಂದು ರಿಜಿಸ್ಟರ್ ತಿರುವಿದರೆ, ಅದೇ ತಿರುವಿನಲ್ಲಿ ಅದು ಮೂರನೆಯ ರಾಸು.

ಪಶುವೈದ್ಯರಿಗೆ ರಸ್ತೆಯ ಉಸಾಬರಿ ಏಕೆ ಎಂದು ಕೆಲವರು ಕೇಳುತ್ತಾರೆ. ಅದಕ್ಕೆ ಉತ್ತರ ಆ ರಿಜಿಸ್ಟರಿನಲ್ಲೇ ಇದೆ.

ಹಂಪ್ ಬೇಕು, ದೀಪ ಬೇಕು ಎಂದು ನೀವು ಅರ್ಜಿ ಕೊಡದೆ ಇಲ್ಲ. ಆದರೆ ಅರ್ಜಿಯಲ್ಲಿ "ವಾಹನ ಬಹಳ ಓಡಾಡುತ್ತವೆ, ತುಂಬಾ ತೊಂದರೆ" ಎಂದಷ್ಟೇ ಇರುತ್ತದೆ. ನಮ್ಮ ಹಾಲು ಗಟ್ಟಿ ಇದೆ ಎಂದು ಬಾಯಲ್ಲಿ ಹೇಳಿದರೆ ಡೇರಿಯಲ್ಲಿ ಯಾರಾದರೂ ಒಪ್ಪುತ್ತಾರೆಯೇ? ಯಂತ್ರದ ಚೀಟಿಯಲ್ಲಿ ಫ್ಯಾಟ್, ಎಸ್‌ಎನ್‌ಎಫ್ ಬರಬೇಕು. ಇಂಜಿನಿಯರ್‌ಗೂ ಹಾಗೆಯೇ, ಸಂಖ್ಯೆ ಬೇಕು. ಲೋಕೋಪಯೋಗಿ ಇಲಾಖೆಯ ವಾಹನ ಗಣತಿ ಇದೆಯಲ್ಲ ಎನ್ನಬಹುದು. ಅದು ಇರುವುದು ರಸ್ತೆ ಎಷ್ಟು ಭಾರ ಹೊರುತ್ತಿದೆ, ಎಷ್ಟು ಅಗಲ ಬೇಕು ಎಂದು ತಿಳಿಯಲು. ಅದರಲ್ಲಿ ಎತ್ತಿನ ಗಾಡಿಗೂ ಕಾಲಂ ಇದೆ, ಕ್ಯಾನು ಹಿಡಿದು ನಡೆಯುವವರಿಗೆ ಇಲ್ಲ.

ಎಣಿಸದೆ ಬಿಟ್ಟರೆ ಏನಾಗುತ್ತದೆ ಎಂಬುದನ್ನು ಬೆಂಗಳೂರು–ಮೈಸೂರು ಹೆದ್ದಾರಿ ಬದಿಯ ಊರುಗಳವರನ್ನು ಕೇಳಿ. 2023ರಲ್ಲಿ ರಸ್ತೆ ಉದ್ಘಾಟನೆಯಾಯಿತು. ಮನೆ ಒಂದು ಕಡೆ, ಹೊಲ ಇನ್ನೊಂದು ಕಡೆ ಆದವರು ಆಮೇಲೆ ಅಂಡರ್‌ಪಾಸ್ ಬೇಕು, ಸ್ಕೈವಾಕ್ ಬೇಕು ಎಂದು ಕೇಳುತ್ತಾ ಓಡಾಡಬೇಕಾಯಿತು.

ಜನ ದಾಟುವ ಜಾಗಕ್ಕೆ ವ್ಯವಸ್ಥೆ ಬೇಕೇ ಎಂದು ತೀರ್ಮಾನಿಸಲು ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಪಾದಚಾರಿ ಮಾರ್ಗಸೂಚಿಯಲ್ಲಿ ಒಂದು ಸೂತ್ರವಿದೆ. ಹೆಚ್ಚು ದಟ್ಟಣೆಯ ಒಂದು ಗಂಟೆಯಲ್ಲಿ ದಾಟುವ ಜನರ ಸಂಖ್ಯೆಯನ್ನು ವಾಹನಗಳ ಸಂಖ್ಯೆಯಿಂದ ಎರಡು ಸಲ ಗುಣಿಸಬೇಕು. ನಡುವೆ ವಿಭಜಕ ಇಲ್ಲದ ರಸ್ತೆಯಾದರೆ ಉತ್ತರ 10 ಕೋಟಿ ಮೀರಬೇಕು. ಉದಾಹರಣೆಗೆ ಸಂಜೆ ಡೇರಿ ಹೊತ್ತಿನಲ್ಲಿ 80 ಜನ ದಾಟುತ್ತಾರೆ, 300 ವಾಹನ ಬರುತ್ತವೆ ಎನ್ನಿ. ಉತ್ತರ 72 ಲಕ್ಷ, ಕೋಟಿಯೂ ಮುಟ್ಟಲಿಲ್ಲ. ಪೇಟೆಯ ಜನಸಂದಣಿಗೆ ಹೊಂದುವ ಲೆಕ್ಕದಲ್ಲಿ ಹಳ್ಳಿ ಯಾವಾಗಲೂ ಸೋಲುತ್ತದೆ. ಇದು ನ್ಯಾಯವಲ್ಲ ಎಂದೇ ನನ್ನ ಅಭಿಪ್ರಾಯ. ಆದರೆ ಅದೇ ಮಾರ್ಗಸೂಚಿ ಬೇರೆ ಸಂಗತಿಗಳನ್ನೂ ನೋಡು ಎನ್ನುತ್ತದೆ: ವಾಹನಗಳ ವೇಗ ಗಂಟೆಗೆ 65 ಕಿ.ಮೀ. ಮೀರಿದೆಯೇ, ದಾಟಲು ಬಹಳ ಹೊತ್ತು ಕಾಯಬೇಕೇ, ವರ್ಷದಲ್ಲಿ ಐದು ಅಥವಾ ಹೆಚ್ಚು ಪಾದಚಾರಿಗಳಿಗೆ ಪೆಟ್ಟಾಗಿದೆಯೇ. ನಮ್ಮ ಬಲ ಇರುವುದು ಇಲ್ಲಿ.

ವೇಗ ಅಳೆಯಲು ದೊಡ್ಡ ಯಂತ್ರ ಬೇಕಿಲ್ಲ. ರಸ್ತೆ ಬದಿಯಲ್ಲಿ ಟೇಪು ಹಿಡಿದು 100 ಮೀಟರ್ ಅಳೆದು ಎರಡು ಕಲ್ಲಿಗೆ ಸುಣ್ಣ ಬಳಿಯಿರಿ. ವಾಹನ ಮೊದಲ ಕಲ್ಲಿನಿಂದ ಎರಡನೆಯದಕ್ಕೆ ಬರಲು ಎಷ್ಟು ಸೆಕೆಂಡು ಎಂದು ಮೊಬೈಲಿನಲ್ಲಿ ನೋಡಿ, 360ನ್ನು ಅದರಿಂದ ಭಾಗಿಸಿ. 6 ಸೆಕೆಂಡಾದರೆ 60 ಕಿ.ಮೀ., 5 ಆದರೆ 72, 4 ಆದರೆ 90. ಜಿಗಿಯುತ್ತಾ ಬಂದ ನಾಲ್ಕು ಕಾರುಗಳನ್ನಷ್ಟೇ ಆರಿಸಿಕೊಳ್ಳಬೇಡಿ, ಬಂದಂತೆ ಐವತ್ತು ವಾಹನ ಬರೆಯಿರಿ.

ಇದು ಏಕೆ ಮುಖ್ಯ ಎಂದರೆ, ಏಳು ಮೀಟರ್ ಅಗಲದ ರಸ್ತೆಯನ್ನು ಬರಿಗೈಯಲ್ಲಿ ದಾಟಲು ಆರು ಸೆಕೆಂಡು ಸಾಕು. ತುಂಬು ಗಬ್ಬದ ಹಸು ಹಿಡಿದವರಿಗೆ ಹನ್ನೆರಡಾದರೂ ಬೇಕು. ಅದು ಡಾಂಬರಿನ ಅಂಚಿನಲ್ಲಿ ಒಮ್ಮೆ ನಿಂತೇ ನಿಲ್ಲುತ್ತದೆ, ನಿಮಗೆ ಗೊತ್ತಿರುವುದೇ. 72 ಕಿ.ಮೀ. ವೇಗದ ಕಾರು ಆ ಹನ್ನೆರಡು ಸೆಕೆಂಡಿನಲ್ಲಿ 240 ಮೀಟರ್ ಬಂದಿರುತ್ತದೆ. ತಿರುವು ಅದಕ್ಕಿಂತ ಹತ್ತಿರವಿದ್ದರೆ, ನೀವು ಹೆಜ್ಜೆ ಇಟ್ಟಾಗ ಕಣ್ಣಿಗೇ ಬೀಳದ ಕಾರು ನೀವು ದಾಟಿ ಮುಗಿಸುವ ಮೊದಲೇ ಎದುರಿಗಿರುತ್ತದೆ. ಆ ಅಕ್ಕನನ್ನು "ನೋಡಿಕೊಂಡು ದಾಟಬಾರದಿತ್ತೇ" ಎಂದು ಅವತ್ತು ಬೈದವರಿಗೆ ಈ ಲೆಕ್ಕ ತೋರಿಸಬೇಕು.

ಎಣಿಕೆಗೆ ಬೆಳಿಗ್ಗೆ, ಸಂಜೆ ಡೇರಿ ತೆರೆದಿರುವ ಹೊತ್ತೇ ಆಗಬೇಕು. ಮಧ್ಯಾಹ್ನ ಹನ್ನೆರಡಕ್ಕೆ ಎಣಿಸಿದರೆ ರಸ್ತೆ ಸಾಧುವಾಗಿ ಕಾಣುತ್ತದೆ. ಒಂದು ಸಾಮಾನ್ಯ ದಿನ, ಒಂದು ಸಂತೆ ದಿನ. ಇಬ್ಬಿಬ್ಬರು ಡೇರಿ ಜಗಲಿಯ ಮೇಲೆ ಕೂತು, ಹದಿನೈದು ನಿಮಿಷಕ್ಕೊಂದು ಸಾಲು ಹಾಕಿ, ನಾಲ್ಕು ಗೀಟಿಗೆ ಒಂದು ಅಡ್ಡಗೀಟು ಎಳೆಯಿರಿ. ಒಬ್ಬರು ವಾಹನ, ಇನ್ನೊಬ್ಬರು ನಡೆಯುವವರು. ಕ್ಯಾನು ಹೊತ್ತವರು, ರಾಸು ಹಿಡಿದವರು, ಶಾಲೆ ಮಕ್ಕಳು, ವಯಸ್ಸಾದವರು ಬೇರೆ ಬೇರೆ. ಗಾಡಿ ನಂಬರ್ ಬರೆಯುವುದು, ಅಡ್ಡಹಾಕುವುದು ಬೇಡ. ವರ್ಷದಲ್ಲಿ ಯಾರಿಗೆ, ಎಲ್ಲಿ ಪೆಟ್ಟಾಯಿತು ಎಂಬುದನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ. ಮೊಣಕೈ ತರಚಿದ್ದಕ್ಕೆ ಯಾರೂ ಪೊಲೀಸ್ ಠಾಣೆಗೆ ಹೋಗುವುದಿಲ್ಲ, ಹಾಗಾಗಿ ಅದು ಯಾವ ದಾಖಲೆಯಲ್ಲೂ ಇರುವುದಿಲ್ಲ. ಇನ್ನೊಂದು ಮಾತು: ಲೆಕ್ಕಕ್ಕೆ ನೀರು ಬೆರೆಸಬೇಡಿ. ಇಂಜಿನಿಯರ್ ಬಂದು ಮತ್ತೆ ಎಣಿಸಿದರೂ ಅಷ್ಟೇ ಬರಬೇಕು.

ಊರಿನ ಹುಡುಗರು ರಾತ್ರೋರಾತ್ರಿ ಹಾಕುವ ಹಂಪ್‌ಗೆ ನನ್ನ ವಿರೋಧವಿದೆ. ಬಣ್ಣವಿಲ್ಲ, ಫಲಕವಿಲ್ಲ, ಬೈಕಿನಲ್ಲಿ ಕ್ಯಾನು ಕಟ್ಟಿಕೊಂಡು ಬರುವ ನಮ್ಮವರೇ ಮೊದಲು ಬೀಳುತ್ತಾರೆ. ತಿರುವಿನ ಪೊದೆ ಕಡಿಸುವುದು, ದೀಪ, ಎಚ್ಚರಿಕೆ ಫಲಕ, ರಸ್ತೆ ಅಂಚಿನಲ್ಲಿ ನಡೆಯಲು ಗಟ್ಟಿ ಮಣ್ಣಿನ ಜಾಗ, ಇವನ್ನೂ ಕೇಳಿ. ಸಂಘದ ಸಭೆಯಲ್ಲಿ ನಿರ್ಣಯ ಮಾಡಿ, ಗ್ರಾಮಸಭೆಯಲ್ಲಿ ಓದಿಸಿ. ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆಯಾದರೆ ಲೋಕೋಪಯೋಗಿ ಇಲಾಖೆಗೆ ಕೊಡಿ. ಒಂದು ಪ್ರತಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಹೋಗಲಿ. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.

ಮುಂದಿನ ಕಾಲುಬಾಯಿ ಜ್ವರದ ಲಸಿಕೆಗೆ ನಿಮ್ಮೂರಿಗೆ ಬಂದಾಗ ಅಳತೆ ಟೇಪು ತರುತ್ತೇನೆ. ಸುಣ್ಣ, ಎರಡು ಕಲ್ಲು, ಒಂದು ನೋಟ್‌ಬುಕ್ ನಿಮ್ಮ ಕಡೆಯಿಂದ. ಆ ತಿರುವಿನ ಮೂರು ರಾಸುಗಳ ದಿನಾಂಕವನ್ನು ಮೊದಲ ಪುಟದಲ್ಲಿ ನಾನೇ ಬರೆದುಕೊಡುತ್ತೇನೆ.