ಅಪ್ಪನ ಬೈಕು, ತುಕ್ಕು ಹಿಡಿದ ಟ್ಯಾಂಕು

ದಸರಾ ರಜೆಗೆ ರಾಣೆಬೆನ್ನೂರು ಹತ್ತಿರದ ನಮ್ಮೂರಿಗೆ ಹೋದಾಗ ಅಪ್ಪನ ಬೈಕು ಕಟ್ಟೆ ಪಕ್ಕ ಸುಮ್ಮನೆ ನಿಂತಿತ್ತು. 2009ರ ಮಾಡೆಲ್, 100 ಸಿಸಿ. ಸ್ಟಾರ್ಟ್ ಆಗುತ್ತದೆ, ಅರ್ಧ ಕಿಲೊಮೀಟರ್ ಹೋಗಿ ಬಿಕ್ಕಳಿಸಿ ನಿಲ್ಲುತ್ತದೆ. ಮೆಕ್ಯಾನಿಕ್ ಎರಡು ಸಲ ಕಾರ್ಬ್ಯುರೇಟರ್ ತೊಳೆದು ದುಡ್ಡು ತೆಗೆದುಕೊಂಡಿದ್ದ. ‘ಮೆಕ್ಯಾನಿಕಲ್ ಓದಾಕತ್ತೀಯಲ್ಲ, ನೀನ ನೋಡು’ ಎಂದರು ಅಪ್ಪ.

ಮುಚ್ಚಳ ತೆಗೆದು ಟಾರ್ಚ್ ಬಿಟ್ಟೆ. ಟ್ಯಾಂಕಿನ ಒಳಗೆಲ್ಲ ಕೆಂಪು ತುಕ್ಕು. ಮಾವನ ಮಗ ಮೊಬೈಲಿನಲ್ಲಿ ವಿಡಿಯೊ ತೋರಿಸಿದ. ಅದರಂತೆ ವಿನೆಗರ್ ಸುರಿದು ಎರಡು ದಿನ ಬಿಟ್ಟೆವು. ತುಕ್ಕೇನೋ ಹೋಯಿತು. ಜೊತೆಗೆ ತಳದಲ್ಲಿ ಸೂಜಿಮೊನೆಯಷ್ಟು ತೂತೂ ಕಾಣಿಸಿತು. ಇಷ್ಟು ದಿನ ಅದನ್ನು ಮುಚ್ಚಿಟ್ಟಿದ್ದು ಆ ತುಕ್ಕೇ! ‘ಹೆಂಗೂ ತೂತಾಗೇತಿ, ಟ್ಯಾಂಕ್ ಕೊಯ್ದು ಕೆಫೆ ರೇಸರ್ ಮಾಡಿಬಿಡೋಣ’ ಎಂದು ಅವನು ಹಟ ಹಿಡಿದ. ನನಗೂ ಆಸೆ ಆಗಿತ್ತು, ಸುಳ್ಳು ಯಾಕೆ ಹೇಳಲಿ.

ವೆಲ್ಡಿಂಗ್ ಅಂಗಡಿಯಣ್ಣ ಟ್ಯಾಂಕನ್ನು ಮೂಸಿ ನೋಡಿ ವಾಪಸ್ ಕೊಟ್ಟ. ‘ಖಾಲಿ ಟ್ಯಾಂಕ್ ತುಂಬಿದ್ದಕ್ಕಿಂತ ಕೆಟ್ಟದ್ದು ತಮ್ಮಾ’ ಎಂದ. ಪುಸ್ತಕದಲ್ಲಿ ಓದಿದ್ದು ಆಗ ತಲೆಗೆ ಹೋಯಿತು. ಗಾಳಿಯಲ್ಲಿ ಪೆಟ್ರೋಲ್ ಆವಿ ಶೇ 1.4ರಿಂದ 7.6ರಷ್ಟಿದ್ದರೆ ಒಂದು ಕಿಡಿ ಸಾಕು. ತುಂಬಿದ ಟ್ಯಾಂಕಿನಲ್ಲಿ ಗಾಳಿಗೆ ಜಾಗ ಕಡಿಮೆ. ಖಾಲಿ ಟ್ಯಾಂಕಿನಲ್ಲಿ ಎರಡೂ ಹದವಾಗಿ ಬೆರೆತು ಕುಳಿತಿರುತ್ತವೆ. ಎರಡು ಸಲ ನೀರು ಹಾಕಿ ಕುಲುಕಿದ ಮಾತ್ರಕ್ಕೆ ಅಪಾಯ ಹೋಗುವುದಿಲ್ಲ. ಇದನ್ನೇ ನಾವು ಮನೆಯಲ್ಲಿ ಗ್ರೈಂಡರ್ ಹಿಡಿದು ಕೊಯ್ಯಲು ಹೊರಟಿದ್ದೆವು.

ಕಾನೂನೂ ನಮ್ಮ ಕಡೆಗಿರಲಿಲ್ಲ. ತಯಾರಕರು ಕೊಟ್ಟ ಮೂಲ ವಿನ್ಯಾಸವನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲೇ ಹೇಳಿದೆ. ಅದೇ ವರ್ಷದ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ಪ್ರಕಾರ, ಅನುಮತಿ ಇಲ್ಲದ ಪ್ರತಿ ಬದಲಾವಣೆಗೆ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಬೈಕು ಅಪ್ಪನ ಹೆಸರಿನಲ್ಲಿದೆ.

ಇಷ್ಟಕ್ಕೂ ಟ್ಯಾಂಕ್ ಹಾಳಾಗಿದ್ದೇಕೆ? ಊರಲ್ಲಿ ಯಾರನ್ನು ಕೇಳಿದರೂ ‘ಎಥನಾಲ್ ಪೆಟ್ರೋಲ್’ ಎನ್ನುತ್ತಾರೆ. ಶೇ 20ರಷ್ಟು ಎಥನಾಲ್ ಬೆರೆಸಿದ ಇ20 ಪೆಟ್ರೋಲ್ ಬಿಡುಗಡೆಯಾಗಿದ್ದು 2023ರ ಫೆಬ್ರುವರಿಯಲ್ಲಿ, ನಮ್ಮ ಬೆಂಗಳೂರಿನಲ್ಲೇ. 2030ಕ್ಕೆ ಮುಟ್ಟಬೇಕಿದ್ದ ಗುರಿಯನ್ನು 2025ರಲ್ಲೇ ಮುಟ್ಟಿದ್ದೇವೆ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ನೀರು ಮಿತಿ ಮೀರಿದರೆ ಎರಡೂ ಸೇರಿ ತಳಕ್ಕೆ ಇಳಿಯುತ್ತವೆ. ಕಬ್ಬಿಣದ ತಳಕ್ಕೆ ತುಕ್ಕು ಹಿಡಿಯಲು ಇನ್ನೇನು ಬೇಕು? ಆದರೆ ಎಲ್ಲವನ್ನೂ ಎಥನಾಲ್ ತಲೆಗೆ ಕಟ್ಟಲು ನನಗೆ ಮನಸ್ಸಿಲ್ಲ. ಮಳೆಗಾಲವಿಡೀ ಬೈಕು ಅರ್ಧ ಲೀಟರ್ ಪೆಟ್ರೋಲಿನೊಂದಿಗೆ ಹೊರಗೇ ನಿಂತಿತ್ತು. ಖಾಲಿ ಜಾಗದಲ್ಲಿ ತೇವ ಕೂತು ಹದಿನಾರು ವರ್ಷದ ಟ್ಯಾಂಕ್ ತುಕ್ಕು ಹಿಡಿಯದಿದ್ದರೆ ಅದೇ ಆಶ್ಚರ್ಯ.

ನನ್ನ ತಕರಾರು ಬೇರೆ. 2023ರ ಏಪ್ರಿಲ್‌ನಿಂದ ಬಂದ ಹೊಸ ಗಾಡಿಗಳ ರಬ್ಬರ್, ಪ್ಲಾಸ್ಟಿಕ್ ಭಾಗಗಳು ಇ20ಗೆ ತಕ್ಕಂತಿವೆ. ಅದಕ್ಕಿಂತ ಹಳೆಯ ಗಾಡಿ ಇರುವುದು ಅಪ್ಪನಂಥವರ ಬಳಿಯೇ. ಹಳೆಯ ದ್ವಿಚಕ್ರ ವಾಹನಗಳ ಮೈಲೇಜ್ ಶೇ 3–4ರಷ್ಟು ಕಡಿಮೆಯಾಗಬಹುದು ಎಂದು ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿತ್ತು. ಹಾಗಿದ್ದರೂ ಬಂಕಿನಲ್ಲಿ ‘ಎಥನಾಲ್ ಕಡಿಮೆ ಇರೋದು ಕೊಡಿ’ ಎಂದು ಕೇಳಲು ಸಾಮಾನ್ಯ ಪೆಟ್ರೋಲಿನಲ್ಲಿ ಬೇರೆ ಆಯ್ಕೆ ಇಲ್ಲ. ಆಯ್ಕೆ ಕೊಡಿ ಎಂದು ಸಲ್ಲಿಸಿದ್ದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು.

ರೈತರಿಗೆ ಒಳ್ಳೆಯದಾಗುತ್ತದೆ ಎನ್ನುವುದು ಸರ್ಕಾರದ ವಾದ. ಅದನ್ನು ಸುಲಭಕ್ಕೆ ತಳ್ಳಿಹಾಕಲಾರೆ, ಏಕೆಂದರೆ ನಾವೂ ಮೆಕ್ಕೆಜೋಳ ಬೆಳೆಯುವವರು. ಈಗ ಕಬ್ಬಿನ ಜೊತೆ ಮೆಕ್ಕೆಜೋಳದಿಂದಲೂ ಭಾರಿ ಪ್ರಮಾಣದಲ್ಲಿ ಎಥನಾಲ್ ತಯಾರಾಗುತ್ತದೆ. ಆದರೂ ಈ ಸಲ ಕ್ವಿಂಟಲ್‌ಗೆ 2,400 ರೂಪಾಯಿ ಬೆಂಬಲ ಬೆಲೆ ಇದ್ದರೂ ಮಾರುಕಟ್ಟೆಯಲ್ಲಿ ನೂರಾರು ರೂಪಾಯಿ ಕಡಿಮೆಗೆ ಕೇಳಿದರು. ಹಾವೇರಿ, ಗದಗ ಕಡೆಯ ರೈತರು ಬೀದಿಗಿಳಿದರು.

ಕೊನೆಗೆ ಗುಜರಿಯಲ್ಲಿ ಅದೇ ಮಾಡೆಲ್‌ನ ಟ್ಯಾಂಕ್ ಸಿಕ್ಕಿತು. 1,800 ರೂಪಾಯಿ. ಅಪ್ಪ ಒಂದು ಚೀಲ ಮೆಕ್ಕೆಜೋಳದ ಲೆಕ್ಕ ಹಾಕಿ, ಸಾಲದೆ ಜೇಬಿನಿಂದ ಇನ್ನಷ್ಟು ತೆಗೆದು ಕೊಟ್ಟರು. ಬಣ್ಣ ಮಾತ್ರ ಬೇರೆ: ಕಪ್ಪು ಬೈಕಿಗೆ ಕೆಂಪು ಟ್ಯಾಂಕ್. ಬಣ್ಣ ಹೊಡೆಸುವುದು ಮುಂದಿನ ರಜೆಗೆ.